ಮೆಷಿನ್ನು ಕೊಡದ ಮಡಿ

ಹಳೆಯ ವಾಷಿಂಗ್ ಮೆಷಿನ್ ಕೆಟ್ಟರೆ ಜನ ಮೊದಲು ಬೈಯುವುದು ಮೆಷಿನ್ನನ್ನಲ್ಲ, ಕೊನೆಯ ಸಲ ಅದನ್ನು ರಿಪೇರಿ ಮಾಡಿದವನನ್ನು. ಹಾಗಾಗಿ ಮದ್ರಾಸಿನ ಎಗ್ಮೋರಿನಿಂದ ಹೋಟೆಲು ಬಾಬಣ್ಣನ ಸೊಸೆ ನಮಿತಾ ಫೋನ್ ಮಾಡಿ, "ಮೋನಪ್ಪಣ್ಣ, ಮೋಟಾರ್ ಓಡುತ್ತ್, ಡ್ರಮ್ ಮಾತ್ರ ಸುತ್ತುದಿಲ್ಲೆ" ಎಂದು ಮೆತ್ತಗೆ ಹೇಳಿದಾಗ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಮೋಟಾರ್ ಓಡಿ ಡ್ರಮ್ ಸುತ್ತುವುದಿಲ್ಲ ಎಂದರೆ ಬೆಲ್ಟು ಹೋಗಿದೆ ಎಂದೇ ಅರ್ಥ. ಆ ಬೆಲ್ಟು ಹಾಕಿದವನು ನಾನೇ. ಹಾಕಿ ಹೆಚ್ಚು ಕಾಲವೂ ಆಗಿರಲಿಲ್ಲ. ಒಳ್ಳೆಯ ಮಾಲು, ನಾನು ಹೋದ ಮೇಲೂ ಬಾಳಬೇಕಾದದ್ದು.

ನನ್ನ ಅಂಗಡಿ ಪಲ್ಲಾವರಂನಲ್ಲಿ. ಅಂಗಡಿ ಅಂದರೆ ಒಂದು ಶಟರು, ಒಂದು ಬೆಂಚು, ಸುತ್ತ ಕೈಕಾಲು ಕಳಚಿಟ್ಟ ಮೆಷಿನ್ನುಗಳು. ಹೊಸ ಮೆಷಿನ್ನುಗಳನ್ನು ನಾನು ಮುಟ್ಟುವುದು ಕಡಿಮೆ. ಅವು ಕೆಟ್ಟರೆ ಬೋರ್ಡು ಹೋಯಿತು, ಬೋರ್ಡು ಬದಲಿಸಿ ಅನ್ನುತ್ತಾರೆ. ಅದಕ್ಕೆ ಮೆಕ್ಯಾನಿಕ್ ಯಾಕೆ ಬೇಕು, ಪೋಸ್ಟ್‌ಮ್ಯಾನ್ ಸಾಕು. ಹಳೆಯ ಮೆಷಿನ್ನು ಹಾಗಲ್ಲ. ಕಿವಿಗೊಟ್ಟರೆ ಎಲ್ಲಿ ನೋವು ಎಂದು ತಾನೇ ಹೇಳುತ್ತದೆ.

ಬಟ್ಟೆ ಒಗೆಯುವ ಮನೆತನದಲ್ಲಿ ಹುಟ್ಟಿ, ಅದು ಬೇಡವೆಂದು ಮೀಸೆ ಮೂಡುವ ಮೊದಲೇ ಊರು ಬಿಟ್ಟು ಓಡಿ ಬಂದವನು ಕೊನೆಗೆ ಬಟ್ಟೆ ಒಗೆಯುವ ಮೆಷಿನ್ನಿನ ಕೈಗೇ ಸಿಕ್ಕಿಬಿದ್ದೆ. ದೇವರಿಗೆ ತಮಾಷೆ ಮಾಡಲು ಬೇರೆ ಜನ ಸಿಕ್ಕಲಿಲ್ಲ ಕಾಣುತ್ತದೆ. ಬ್ರಹ್ಮಾವರದ ಆಚೆಯ ನಮ್ಮ ಹಳ್ಳಿಯಲ್ಲಿ ನಾವು ಮಡಿವಾಳರು. ಈ ಮದ್ರಾಸಿನಲ್ಲಿ ಅದು ಯಾರಿಗೂ ಗೊತ್ತಿಲ್ಲ. "ನೀವು ಯಾವ ಜನ?" ಎಂದು ಕೇಳಿದವರಿಗೆಲ್ಲ "ಮೆಕ್ಯಾನಿಕ್" ಎಂದೇ ಹೇಳಿಕೊಂಡು ತಲೆ ಹಣ್ಣು ಮಾಡಿಕೊಂಡಿದ್ದೇನೆ. ಒಗೆಯುವ ಕೆಲಸಕ್ಕೆ ನಾನು ನಾಚಿದವನಲ್ಲ. ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದು ಕೆಲಸಕ್ಕೆ ಹೆದರಿ ಓಡಿದವನು.

ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಸೂತಕ ಮಂತ್ರದಿಂದ ಮಾತ್ರ ಕಳೆಯುವುದಿಲ್ಲ. ಮಡಿವಾಳ ಬರಬೇಕು. ಮನೆಯವರ ಬಟ್ಟೆಯನ್ನು ಅವನು ಒಗೆದು ತನ್ನ ಕೈಯಾರೆ ಕೊಡಬೇಕು. ಅದನ್ನು ಉಟ್ಟ ಮೇಲೆಯೇ ಅವರು ಮತ್ತೆ ದೇವರ ದೀಪ ಹಚ್ಚುವುದು, ಒಲೆ ಮುಟ್ಟುವುದು, ಮಕ್ಕಳನ್ನು ಎತ್ತಿಕೊಳ್ಳುವುದು. ಅದಕ್ಕೆ ಮಡಿ ಕೊಡುವುದು ಅನ್ನುತ್ತಾರೆ. ನನ್ನ ಅಪ್ಪ ಬಚ್ಚ ಮಡಿವಾಳರಿಗೆ ಸಾವಿನ ಸುದ್ದಿ ನೆಂಟರಿಗಿಂತ ಮೊದಲು ಮುಟ್ಟುತ್ತಿತ್ತು. ಮುಟ್ಟಿದ ಕೂಡಲೇ ಹೋಗಿ ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದರು. ಬಿಸಿಲಿರಲಿ, ಮಳೆಯಿರಲಿ, ಕರೆಯುವ ತನಕ ಅಲ್ಲೇ.

ಎಗ್ಮೋರಿನ ಆ ಮೆಷಿನ್ನಿನ ವಿಷಯಕ್ಕೆ ಬರುತ್ತೇನೆ. ಅದು ಬಾಬಣ್ಣನದು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಬಾಬಣ್ಣ ನಮ್ಮ ಕಡೆಯವರೇ. ಊರಿಗೆ ವಾಪಸು ಹೊರಟಿದ್ದ ಯಾವನೋ ಜರ್ಮನಿಯವನಿಂದ ಆ ಕಾಲದಲ್ಲೇ ಅದನ್ನು ಕೊಂಡು, ನಾಲ್ಕು ಜನರ ಹೆಗಲ ಮೇಲೆ ಹೋಟೆಲಿನ ಮಾಳಿಗೆಯ ತಮ್ಮ ಮನೆಗೆ ಹತ್ತಿಸಿದ್ದರು. ಮುಂದೆ ದುಂಡನೆಯ ಗಾಜಿನ ಬಾಗಿಲು, ಹಿಂದೆ ತಗಡಿನ ಮುಚ್ಚಳ, ತೂಕ ಮಾತ್ರ ಗಬ್ಬದ ಎಮ್ಮೆಯದು. ಹೆಂಡತಿ ಅಂಬುಜಮ್ಮ ಮೊದಲು ಅದರ ಹತ್ತಿರವೂ ಸುಳಿಯಲಿಲ್ಲವಂತೆ. ಆಮೇಲೆ ಅದಕ್ಕೆ ಕುಂಕುಮ ಹಚ್ಚದೆ ಸ್ವಿಚ್ಚು ಹಾಕುತ್ತಿರಲಿಲ್ಲ. ಬಾಬಣ್ಣ ಹೋದ ವರ್ಷ ತೀರಿಕೊಂಡರು. ವಯಸ್ಸಾಗಿತ್ತು, ಜನ ಸಮಾಧಾನ ಹೇಳಿದರು. ಈಚೆಗೆ ಮಗ ಸಂದೇಶ್ ಹೋದ. ಗಲ್ಲೆಯಲ್ಲಿ ಕೂತವನು ಚಿಲ್ಲರೆ ಎಣಿಸುತ್ತಲೇ ಪಕ್ಕಕ್ಕೆ ವಾಲಿದನಂತೆ. ಅದಕ್ಕೆ ಯಾರೂ ಸಮಾಧಾನ ಹೇಳಲಾರರು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಹೋಗಿ ನಾನೂ ಉಂಡು ಬಂದಿದ್ದೆ. ಅದೆಲ್ಲ ಆದ ಮೇಲೂ ಹೋಟೆಲಿನ ಶಟರು ಮೇಲೇರಲಿಲ್ಲ.

ಆ ಜಾತಿಯ ಬೆಲ್ಟು ಈಗ ಯಾವ ಅಂಗಡಿಯಲ್ಲೂ ಇಲ್ಲ. ನಮ್ಮ ಪಲ್ಲಾವರಂ ಶುಕ್ರವಾರದ ಸಂತೆಯೇ ಗತಿ. ಹುಟ್ಟಿದ್ದು, ಸತ್ತದ್ದು, ಸಾಯಲು ಕೂತದ್ದು ಎಲ್ಲ ಅಲ್ಲಿ ಗೋಣಿಯ ಮೇಲೆ ಹರಡಿಕೊಂಡಿರುತ್ತವೆ. ಬೆಳಿಗ್ಗೆಯೇ ಹೋಗಿ ಹಳೆಯ ಬೆಲ್ಟುಗಳ ರಾಶಿಯಲ್ಲಿ ಕೂತು ಒಂದೊಂದನ್ನೇ ಬಗ್ಗಿಸಿ ನೋಡಿದೆ. ಬಗ್ಗಿಸಿದಾಗ ಒಳಮೈ ಬಿರುಕು ಬಿಟ್ಟರೆ ಅದು ಬೇಡ. ಹೊಳಪು ಬಂದಿದ್ದರೆ ಅದು ಜಾರುತ್ತದೆ, ಅದೂ ಬೇಡ. ಅಳತೆಗೆ ಸರಿಯಾದದ್ದು ಒಂದೇ ಸಿಕ್ಕಿತು. ಅದನ್ನು ಹೆಗಲಿಗೆ ಹಾಕಿಕೊಂಡು ಲೋಕಲ್ ಟ್ರೈನ್ ಹತ್ತಿದೆ. ದಾರಿಯುದ್ದಕ್ಕೂ ಯೋಚನೆ ಒಂದೇ: ನನ್ನ ಬೆಲ್ಟು ಹೋದದ್ದು ಹೇಗೆ?

ನಮಿತಾ ಬಾಗಿಲು ತೆಗೆದಳು. ಸಂದೇಶನ ಹೆಂಡತಿ, ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು. ಮುಖ ಸಣ್ಣದಾಗಿತ್ತು. "ಬನ್ನಿ ಮೋನಪ್ಪಣ್ಣ" ಎಂದು ಒಳಗೆ ಕರೆದು ಕಾಫಿ ತಂದುಕೊಟ್ಟಳು. ಅವಳ ಮಗಳು ವೀಕ್ಷಾ, ಇನ್ನೂ ಶಾಲೆಗೆ ಸೇರಿದ ಹೊಸತು, ಬಾಗಿಲಿಗೆ ಒರಗಿ ನನ್ನ ಚೀಲವನ್ನೇ ನೋಡುತ್ತಿದ್ದಳು.

"ಎಂತ ಮಗಾ, ಅಜ್ಜಿ ಎಲ್ಲಿ?" ಎಂದೆ.

ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ. ಹಿಂದಿನ ಬಾಲ್ಕನಿಯ ಕಡೆ ಬೆರಳು ತೋರಿಸಿ, "ಅಂಗೇ ಇರುಕ್ಕಾಂಗ. ಎನ್ನೆ ತೊಡವೇ ಮಾಟ್ಟೇಂಗ್ರಾಂಗ" ಎಂದಳು. ಅಲ್ಲಿದ್ದಾರೆ, ನನ್ನನ್ನು ಮುಟ್ಟುವುದೇ ಇಲ್ಲ ಎಂದು ದೂರು. ಹೇಳುವಾಗ ಅವಳು ಅಳಲಿಲ್ಲ. ಅತ್ತು ಅತ್ತು ಆ ದೂರು ಹಳತಾಗಿತ್ತು.

ನಾನು ನಮಿತಾಳ ಮುಖ ನೋಡಿದೆ. ಅವಳು ದನಿ ತಗ್ಗಿಸಿದಳು.

"ಎಂತ ಹೇಳುದ್ ಅಣ್ಣ. ಮಾವ ಹೋದಾಗ ಇಲ್ಲಿ ಮಡಿ ಕೊಡುಕೆ ಯಾರೂ ಸಿಕ್ಕಲಿಲ್ಲೆ. ಭಟ್ರು ಪುಣ್ಯಾಹ ಮಾಡಿ, ಅಷ್ಟ್ ಸಾಕ್ ಅಂದ್ರ್. ಈಗ ಇವ್ರೂ ಹೋದ್ರಲ್ಲ, ಅತ್ತೆ ತಲೆಯಲ್ಲಿ ಅದೇ ಕೂತ್ಬಿಟ್ಟಿತ್ತ್. ಮಾವನ ಸೂತಕ ಕಳೀಲಿಲ್ಲೆ, ಹಾಂಗಾಯಿ ಅದ್ ಮಗನ್ನೂ ಕೊಂಡ್ಹೋಯ್ತ್ ಅಂಬ್ರ್. ಈಗ ತಾನ್ ಮುಟ್ರೆ ಪಾಪುಗೂ ತಾಗುತ್ತ್ ಅಂದೇಳಿ ಹೆದ್ರಿಕೆ. ಅಡುಗೆಮನೆಗೆ ಬಪ್ಪುದಿಲ್ಲೆ, ಒಳಗೆ ಮಲಗುದಿಲ್ಲೆ. ಆ ಚಾಪೆ ಬಿಟ್ಟ್ ಏಳುದಿಲ್ಲೆ."

"ಊರಿಗ್ ಹೋಯಿ ಮಾಡ್ಸಿದ್ರೆ?"

"ಕೇಳ್ಸಿದೆ ಅಣ್ಣ. ಅಲ್ಲೂ ಈಗ ಆ ಕೆಲ್ಸ ಮಾಡೋರ್ ಯಾರೂ ಇಲ್ಲೆ ಅಂಬ್ರ್. ಮಕ್ಳೆಲ್ಲ ಮುಂಬೈ, ದುಬೈ."

ಸಂತೋಷ ಎಂದುಕೊಂಡೆ ಮನಸ್ಸಿನಲ್ಲಿ. ನನ್ನ ಹಾಗೆ ಓಡಿದವರು ಬೇರೆಯವರೂ ಇದ್ದಾರೆ.

ಮೆಷಿನ್ನು ಇದ್ದದ್ದು ಆ ಬಾಲ್ಕನಿಯಲ್ಲೇ. ಅಂಬುಜಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಗಲ್ಲೆಯಲ್ಲಿ ಕೂತು ಮಾಣಿಗಳನ್ನೆಲ್ಲ ಕಣ್ಣಲ್ಲೇ ಕುಣಿಸುತ್ತಿದ್ದ ಹೆಂಗಸು ಅವರು. ಈಗ ಸೀರೆಯೊಳಗೆ ಮೈಯೇ ಇಲ್ಲದಂತಿತ್ತು. "ಬಂದ್ರ್ಯಾ ಮೋನಪ್ಪ" ಎಂದರು. ಯಾವತ್ತೂ ನನಗೆ ಬಹುವಚನವೇ. ನಾನು ಅವರನ್ನು ಸ್ವಲ್ಪ ಮಾತಾಡಿಸೋಣವೆಂದು, "ಅಮ್ಮಾ, ಬೆಲ್ಟ್ ಹಾಕಿ ಕೊಡ್ತೆ. ಇದ್ರಲ್ಲೇ ಒಗ್ದ್ ಉಟ್ಕಣಿ. ಇದ್ಕಿಂತ ಮಡಿ ಬೇಕಾ?" ಎಂದೆ.

ಅವರು ನಗಲಿಲ್ಲ. "ಮೆಷಿನ್ನಿಗೆ ಜಾತಿ ಇಲ್ಲೆ ಮೋನಪ್ಪ. ಜಾತಿ ಇಲ್ಲದ್ದ್ ಮಡಿ ಕೊಡುಕಾತಿಲ್ಲೆ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೇಗ ತಿರುಗಿ ಚೀಲ ಬಿಚ್ಚಿದೆ.

ಗಾಜಿನೊಳಗೆ ಒದ್ದೆ ಬಟ್ಟೆಗಳು ಕಾಣುತ್ತಿದ್ದವು. ಅಂಬುಜಮ್ಮನ ಒಂದು ಸೀರೆ, ಮೇಲೆ ನೀಲಿ ಗೀಟಿನ ಒಂದು ಗಂಡಸರ ಅಂಗಿ. ಪ್ಲಗ್ಗು ಕಿತ್ತು, ಮೆಷಿನ್ನಿಗೂ ಗೋಡೆಗೂ ನಡುವೆ ನುಸುಳಿ, ಹಿಂದಿನ ಮುಚ್ಚಳದ ಸ್ಕ್ರೂಗಳಿಗೆ ಕೈ ಹಾಕಿದೆ. ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ. ಬೆರಳಲ್ಲೇ ತಿರುಗಿ ಬಂದವು. ನಾನು ಬಿಗಿದ ಸ್ಕ್ರೂ ಹಾಗೆ ಬರುವುದಿಲ್ಲ. ತಲೆಗಳ ಮೇಲೆ ಹೊಸ ಗೀರುಗಳಿದ್ದವು. ಯಾರೋ ಬೇರೆ ಏನನ್ನೋ ಒತ್ತಿ ತಿರುಗಿಸಿದ್ದರು.

ಮುಚ್ಚಳ ತೆಗೆದೆ. ಬೆಲ್ಟು ಕೆಳಗೆ ಬಿದ್ದಿತ್ತು. ಸವೆದು ಹೋಗುವ ಬೆಲ್ಟು ಮೊದಲು ಸೂಚನೆ ಕೊಡುತ್ತದೆ: ಮುಚ್ಚಳದ ಒಳಮೈಗೆಲ್ಲ ಕರಿಪುಡಿ ಹಚ್ಚುತ್ತದೆ, ಅಂಚಿನ ನೂಲು ಬಿಡುತ್ತದೆ, ಕೊನೆಗೆ ಹರಿಯುವಾಗಲೂ ಹಿಂಜಿಕೊಂಡು ಹರಿಯುತ್ತದೆ. ಇಲ್ಲಿ ಪುಡಿ ಇರಲಿಲ್ಲ. ಬೆಲ್ಟಿನ ಒಳಗೆರೆಗಳು ಹಾಕಿದ ದಿನದಷ್ಟೇ ಚೂಪಾಗಿದ್ದವು. ತುದಿಗಳನ್ನು ಬೆಳಕಿಗೆ ಹಿಡಿದೆ. ನೇರ, ನುಣ್ಣಗೆ. ಅದು ಹರಿದದ್ದಲ್ಲ, ಕೊಯ್ದದ್ದು.

"ಇಲಿ ಕಡ್ದದ್ದಾ ಅಣ್ಣ?" ಎಂದು ನಮಿತಾ ಬಗ್ಗಿ ನೋಡಿದಳು.

"ಇಲಿ ಸ್ಕ್ರೂ ಬಿಚ್ಚುದಿಲ್ಲೆ" ಎಂದೆ. ನನಗೆ ಸಿಟ್ಟು ಬಂದಿತ್ತು. ಒಳ್ಳೆಯ ಬೆಲ್ಟು ಹಾಳು ಮಾಡಿದರೆ ನನಗೆ ಹಾಗೇ ಸಿಟ್ಟು ಬರುತ್ತದೆ. "ಇದಕ್ ಕೈ ಹಾಕಿದ್ದ್ ಯಾರ್?"

ಚಾಪೆಯ ಮೇಲಿಂದ ಉತ್ತರ ಬಂತು.

"ನಾನೇ. ಹಣ್ಣ್ ಕೊಯ್ಯುಕೆ ಇವ್ಳ್ ತಂದಿಟ್ಟ ಚೂರಿಯಲ್ಲಿ."

ನಮಿತಾ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಯಾಕಮ್ಮ?" ಎಂದೆ.

"ನಿನ್ನ ಕರ್ಸುಕೆ" ಎಂದರು ಅಂಬುಜಮ್ಮ.

ನೀವು ಹೋಗಿ ನೀನು ಆಗಿತ್ತು. ಆ ಒಂದು ಮಾತಿನಲ್ಲೇ ನನಗೆ ಎಲ್ಲ ತಿಳಿದುಹೋಯಿತು. ಮುಂದಿನದನ್ನು ಕೇಳಬೇಕಾಗಿಯೇ ಇರಲಿಲ್ಲ.

"ಕೆಡದೇ ಇದ್ದ ಮೆಷಿನ್ನಿಗೆ ಮೆಕ್ಯಾನಿಕ್ಕನ್ನ ಯಾವ ಬಾಯಲ್ಲಿ ಕರೆಯುದ್ ಹೇಳ್? ನೀನ್ ಬಚ್ಚನ ಮಗ ಅಂದೇಳಿ ನಂಗ್ ಮೊದ್ಲ ದಿನವೇ ಗೊತ್ತಿತ್ತ್. ಅದೇ ಮೂಗ್. ಬಗ್ಗಿ ಕೂಕಂಬು ಕ್ರಮವೂ ಅದೇ. ನೀನ್ ಹೇಳಲಿಲ್ಲೆ, ನಾನೂ ಕೇಳಲಿಲ್ಲೆ. ನಮ್ ಯಜಮಾನ್ರಿಗೂ ಹೇಳಲಿಲ್ಲೆ. ಊರ್ ಬಿಟ್ಟ್ ಬಂದವ, ನಾಕ್ ಜನರ ಎದ್ರಿಗೆ ಮರ್ಯಾದೆಯಲ್ಲಿ ಇರ್ಲಿ ಅಂದೇಳಿ ಸುಮ್ನಿದ್ದೆ. ಈಗ ನಂಗ್ ಬೇರೆ ದಾರಿ ಇಲ್ಲೆ ಮಗಾ. ಒಂದ್ ಮಡಿ ಕೊಡ್."

ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದನ್ನು ಈ ಹೆಂಗಸು ತನ್ನ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಅವರ ಮುಂದೆ ನಾನು ಎಷ್ಟು ಸಲ ಕಾಲ ಮೇಲೆ ಕಾಲು ಹಾಕಿ ಕಾಫಿ ಕುಡಿದಿಲ್ಲ, ಎಷ್ಟು ಸಲ ಬಾಬಣ್ಣನ ಹೆಗಲ ಮೇಲೆ ಕೈ ಹಾಕಿಲ್ಲ. ಆಗೆಲ್ಲ ಇವರು ಬಚ್ಚ ಮಡಿವಾಳರ ಮಗನನ್ನು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಅವರು ನನ್ನ ಮರ್ಯಾದೆ ಕಾದರೆಂಬುದೇ ಆ ಹೊತ್ತಿಗೆ ಬೈಗುಳಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

"ಅಮ್ಮಾ, ನನ್ನ ಅಪ್ಪಯ್ಯ ಸತ್ತದ್ದ್ ನಿಮ್ಗ್ ಗೊತ್ತಾ?" ಎಂದೆ.

"ಗೊತ್ತಿತ್ತ್. ಆಗ ನಾ ಇಲ್ಲಿದ್ದೆ."

"ಅವ್ರ ಸೂತಕಕ್ಕೆ ಮಡಿ ಕೊಟ್ಟದ್ದ್ ಯಾರ್ ಅಂದೇಳಿ ಗೊತ್ತಾ?"

ಅವರ ಉತ್ತರಕ್ಕೆ ನಾನು ಕಾಯಲಿಲ್ಲ.

"ಯಾರೂ ಇಲ್ಲೆ" ಎಂದೆ. "ಆಟಿ ತಿಂಗಳ ಮಳೆ. ಹೊಳೆ ತುಂಬಿತ್ತ್. ಆಚೆ ದಡದ ಮಡಿವಾಳ ಬಪ್ಪುಕಾತಿಲ್ಲೆ ಅಂದ. ನಮ್ ಊರಿನ ಒಂದ್ ಜನವೂ ಅವ್ನ ಕರ್ಕಂಡ್ ಬಪ್ಪುಕೆ ದೋಣಿ ಇಳಿಸಲಿಲ್ಲೆ. ಎಲ್ಲರ ಮನೆ ಸೂತಕ ಕಳ್ದವ್ರ್ ನನ್ನ ಅಪ್ಪಯ್ಯ. ಕೊನಿಗೆ ಅಮ್ಮ ತಾನೇ ಒಗ್ದ್, ತಾನೇ ತನ್ನ ಕೈಗೆ ಕೊಟ್ಕಂಡ್, ತಾನೇ ಉಟ್ಲ್. ಅದ್ ಮಡಿಯಾ ಅಮ್ಮಾ? ನೀವೇ ಹೇಳಿ, ನಿಮ್ಗೆ ಶಾಸ್ತ್ರ ಗೊತ್ತಿತ್ತಲ್ಲ."

ಇದನ್ನು ನಾನು ಹೆಂಡತಿಗೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

"ಅದ್ ತಪ್ಪೇ" ಎಂದರು ಅಂಬುಜಮ್ಮ. "ದೊಡ್ಡ ತಪ್ಪ್. ಅದ್ನ ನಾನ್ ಈಗ ಸರಿ ಮಾಡುಕಾತಿಲ್ಲೆ. ಆದ್ರೆ ಈ ಪಾಪು ಎಂತ ಮಾಡಿತ್ತ್ ಮಗಾ?"

ನಮಿತಾ ನನ್ನ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು. ನಾಚಿಕೆಗೋ ದುಃಖಕ್ಕೋ ಹೇಳುವುದು ಕಷ್ಟ. "ಸಾರಿ ಅಣ್ಣ. ಸತ್ಯಮಾ ನಂಗ್ ಗೊತ್ತಿರ್ಲಿಲ್ಲೆ. ನೀವ್ ಮನಸ್ಸಿಗ್ ಹಚ್ಕಂಬ್ಯಾಡಿ" ಎಂದಳು.

"ನಾನ್ ಬೆಲ್ಟ್ ಹಾಕುಕೆ ಬಂದವ" ಎಂದೆ. "ಹಾಕಿ ಹೋತೆ."

ಹೊಸ ಬೆಲ್ಟನ್ನು ಮೊದಲು ಮೋಟಾರಿನ ಸಣ್ಣ ಚಕ್ರಕ್ಕೆ ಕೂರಿಸಿದೆ. ಬೆಲ್ಟಿನ ಗೆರೆ ಚಕ್ರದ ಗೆರೆಯಲ್ಲೇ ಬೀಳಬೇಕು, ಒಂದು ಆಚೀಚೆ ಆದರೂ ಬೆಲ್ಟು ಅಂಚಿಗೆ ಹತ್ತಿ ತನ್ನನ್ನೇ ತಿಂದುಕೊಳ್ಳುತ್ತದೆ. ಆಮೇಲೆ ಡ್ರಮ್ಮಿನ ದೊಡ್ಡ ಚಕ್ರದ ಒಂದು ಅಂಚಿಗೆ ಸಿಕ್ಕಿಸಿ, ಎಡಗೈಯಲ್ಲಿ ಅದನ್ನು ಅದುಮಿ ಹಿಡಿದು, ಬಲಗೈಯಿಂದ ಚಕ್ರ ತಿರುಗಿಸಬೇಕು. ಬೆಲ್ಟು ಎಳೆದಾಡುತ್ತದೆ, ಒಲ್ಲೆ ಅನ್ನುತ್ತದೆ. ಬಲ ಹಾಕಿದರೆ ಬೆರಳು ಒಳಗೆ ಹೋಗಿ ಉಗುರು ಬರುತ್ತದೆ. ಮೆಲ್ಲನೆ, ನಂಬಿಸಿ ತಿರುಗಿಸಿದರೆ ಒಂದು ಹಂತದಲ್ಲಿ ಟಪ್ಪೆಂದು ತಾನೇ ಹೋಗಿ ಕೂರುತ್ತದೆ. ದಿನವೂ ಮಾಡುವ ಕೆಲಸ ಅದು. ಆವತ್ತು ಕೈ ಬೆವೆತು ಜಾರಿ ಜಾರಿ ಹೋಯಿತು. ಗೆಣ್ಣಿನ ಚರ್ಮ ಕಿತ್ತು ಹೋದ ಮೇಲೆಯೇ ಬೆಲ್ಟು ಕೂತದ್ದು.

ಮುಚ್ಚಳ ಬಿಗಿದು, ಪ್ಲಗ್ಗು ಹಾಕಿ, ಸ್ವಿಚ್ಚು ಒತ್ತಿದೆ. ನೀರು ಬಂತು. ಡ್ರಮ್ಮು ಒಮ್ಮೆ ತೊನೆದು, ತಿರುಗತೊಡಗಿತು. ಮುದುಕ ಮೆಷಿನ್ನು, ಆದರೂ ಒಂದು ಚೂರೂ ಅಪಸ್ವರವಿಲ್ಲ. ಸಾಮಾನು ಚೀಲಕ್ಕೆ ತುಂಬಿದೆ. ಬಟ್ಟೆ ಒಗೆದು ಮುಗಿಯುವ ತನಕ ನಿಂತು ಸದ್ದು ಕೇಳುವುದು ನನ್ನ ಪದ್ಧತಿ. ಆವತ್ತು ಅದಕ್ಕೂ ಮನಸ್ಸಿರಲಿಲ್ಲ.

ಆಗ ವೀಕ್ಷಾ ಓಡಿ ಬಂದು ಮೆಷಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಗಾಜಿಗೆ ಎರಡೂ ಅಂಗೈ ಒತ್ತಿ ಒಳಗೆ ನೋಡಿದಳು. ನೊರೆಯ ನಡುವೆ ನೀಲಿ ಗೀಟಿನ ಅಂಗಿ ಮೇಲೆ ಬಂತು, ತೋಳು ಚಾಚಿತು, ಮುಳುಗಿತು, ಮತ್ತೆ ಮೇಲೆ ಬಂತು.

"ಅಮ್ಮಾ, ಅಪ್ಪಾ ಶರ್ಟ್" ಎಂದಳು. ನಮಿತಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದೆ ಮಗು ಅಜ್ಜಿಯ ಕಡೆ ತಿರುಗಿತು. "ಅಜ್ಜಿ, ಪಾರುಂಗ, ಅಪ್ಪಾ ಶರ್ಟ್" ಎನ್ನುತ್ತ, ನೋಡಲು ಕರೆಯುತ್ತ, ಎರಡೂ ಕೈ ಚಾಚಿ ಓಡಿತು.

ಅಂಬುಜಮ್ಮ ಹಿಂದೆ ಸರಿದ ರಭಸಕ್ಕೆ ತಲೆ ಗೋಡೆಗೆ ಬಡಿಯಿತು. ಎರಡೂ ಕೈಗಳನ್ನು ಸೀರೆಯೊಳಗೆ ಎಳೆದುಕೊಂಡು, ಮೊಣಕಾಲು ಮಡಿಚಿ, ಮೂಲೆಗೆ ಮುದುರಿದರು. ಮುಖದಲ್ಲಿ ಇದ್ದದ್ದು ಬರೀ ಹೆದರಿಕೆ. ಒಬ್ಬ ಮಗನನ್ನು ತಾನೇ ಮುಟ್ಟಿ ಕೊಂದೆ ಎಂದು ನಂಬಿದವಳ ಹೆದರಿಕೆ ಅದು.

ನಾನು ನೋಡಿದ್ದು ಅವರನ್ನಲ್ಲ, ಮಗುವನ್ನು. ಅದು ಚಾಪೆ ಮುಟ್ಟುವ ಮೊದಲೇ ತಾನಾಗಿ ನಿಂತಿತು. ಕೈ ಇಳಿಸಿತು. ಚಾಪೆಯ ಅಂಚಿನಿಂದ ಒಂದಿಷ್ಟು ದೂರದಲ್ಲಿ ನೆಲದ ಮೇಲೆ ಕೂತು, ಫ್ರಾಕನ್ನು ಕಾಲಡಿಗೆ ಸೇರಿಸಿಕೊಂಡಿತು. ಎಲ್ಲಿ ನಿಲ್ಲಬೇಕು, ಎಷ್ಟು ದೂರ ಕೂರಬೇಕು ಎಂದು ಅದಕ್ಕೆ ಆಗಲೇ ಅಭ್ಯಾಸವಾಗಿತ್ತು. ಅಂಗಳದ ತುದಿಯಲ್ಲಿ ನಿಂತ ನನ್ನ ಅಪ್ಪನಿಗೂ ಹೀಗೇ ಅಭ್ಯಾಸವಾಗಿತ್ತು. ಅದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ದೊಡ್ಡವರು ಹಿಂದೆ ಸರಿಯುವುದನ್ನು ನೋಡಿ ಅವು ಕಲಿಯುತ್ತವೆ. ನಾನೂ ಹಾಗೇ ಕಲಿತವನು.

ನಾನು ಚೀಲ ಕೆಳಗಿಟ್ಟೆ.

"ನಮಿತಾ, ಒಂದ್ ಬಕೆಟ್ ನೀರ್ ಕೊಡ್" ಎಂದೆ.

ಅವಳು ಬಾಗಿಲಿಗೆ ಬಂದಳು. "ಅಣ್ಣಾ, ನಿಮ್ಗ್ ಮನಸ್ಸಿಲ್ದಿದ್ರೆ ಬ್ಯಾಡ."

"ಮನಸ್ಸಿಲ್ಲೆ. ಆದ್ರೂ ಕೊಡ್ತೆ" ಎಂದೆ.

ಮೆಷಿನ್ನು ನಿಂತ ಮೇಲೆ ಅಂಬುಜಮ್ಮನ ಸೀರೆಯನ್ನು ತೆಗೆದೆ. ಸಂದೇಶನ ಅಂಗಿಯನ್ನು ಒಳಗೇ ಬಿಟ್ಟೆ. ಸೀರೆ ಆಗಲೇ ಶುದ್ಧವಾಗಿತ್ತು, ಆದರೆ ಕೈ ಬೀಳದೆ ಅದು ಮಡಿಯಲ್ಲ. ಬಕೆಟ್ಟಿನಲ್ಲಿ ಅದ್ದಿ, ಬಾಲ್ಕನಿಯ ಮೂಲೆಯಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಬಡಿದೆ. ಮತ್ತೆ ಅದ್ದಿ ಮತ್ತೆ ಬಡಿದೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಹೊಳೆಗೆ ಹೋದದ್ದು ಬಿಟ್ಟರೆ ನಾನು ಯಾರ ಬಟ್ಟೆಯನ್ನೂ ಕೈಯಲ್ಲಿ ಒಗೆದವನಲ್ಲ. ಆದರೂ ಸೊಂಟ ಎಲ್ಲಿ ಬಗ್ಗಬೇಕೋ ಅಲ್ಲಿ ಬಗ್ಗಿತು. ಹಿಂಡುವಾಗ ಮಣಿಕಟ್ಟು ಹೊರಳುವ ರೀತಿ ಅಪ್ಪನದೇ. ಉಸಿರು ಬಿಡುವ ಸದ್ದೂ ಅವರದೇ. ಗೆಣ್ಣಿನ ಗಾಯ ನೀರಿಗೆ ಉರಿಯಿತು. ನನಗೆ ಅಳು ಬಂತು. ಬೆನ್ನು ಅವರ ಕಡೆಗಿದ್ದದ್ದರಿಂದ ಅತ್ತುಬಿಟ್ಟೆ.

ಅಂಬುಜಮ್ಮ ತಲೆಗೆ ನೀರು ಹಾಕಿಕೊಂಡು, ಉಟ್ಟ ಬಟ್ಟೆಯಲ್ಲೇ ಬಚ್ಚಲ ಬಾಗಿಲಿಗೆ ಬಂದು ಎರಡೂ ಕೈ ಚಾಚಿದರು. ಮಡಿಚಿದ ಸೀರೆಯನ್ನು ಆ ಕೈಗಳ ಮೇಲೆ ಇಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗಿ, ಆ ಒದ್ದೆ ಸೀರೆಯನ್ನೇ ಉಟ್ಟು ಬಂದರು.

ಬಂದವರು ನೇರ ಮಗುವಿನ ಹತ್ತಿರ ಹೋದರು. ಮುಟ್ಟಲು ಕೈ ಮುಂದೆ ತಂದು ಒಂದು ಕ್ಷಣ ತಡೆದರು, ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅಂಬುಜಮ್ಮ ಮಗುವನ್ನು ಬಾಚಿ ಎತ್ತಿಕೊಂಡರು. ಅದರ ತಲೆ, ಬೆನ್ನು, ಪಾದ ಎಲ್ಲ ತಡವಿದರು. "ಸಂದೇಶಾ, ನನ್ನ ಮಗನೇ" ಎಂದು ಅವರು ಬಾಯಿಬಿಟ್ಟು ಅತ್ತದ್ದು ಆವತ್ತೇ ಮೊದಲಂತೆ. ಮಗು ಒದ್ದೆಯಾಗುತ್ತಾ ಅಜ್ಜಿಯ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ನಮಿತಾ ಇಬ್ಬರನ್ನೂ ತಬ್ಬಿ ನಿಂತಳು. ಅಷ್ಟು ಹೊತ್ತು ನನ್ನೊಳಗೆ ಕುದಿಯುತ್ತಿದ್ದದ್ದೆಲ್ಲ ಆಗ ಇಳಿಯಿತು. ಅಪ್ಪ ಅಷ್ಟು ವರ್ಷ ಜನರಿಗೆ ಕೊಟ್ಟದ್ದು ಇದನ್ನೋ ಎಂದು ಮೊದಲ ಸಲ ಅನಿಸಿತು. ಸಣ್ಣ ಕೆಲಸವಲ್ಲ ಅದು. ನಾನು ಚೀಲ ಎತ್ತಿಕೊಂಡು ಹೊರಬಾಗಿಲಿಗೆ ಬಂದು ಚಪ್ಪಲಿ ಹಾಕಿಕೊಂಡೆ.

"ನಿಲ್ಲ್ ಮಗಾ, ಬರಿಗೈಯಲ್ಲಿ ಹೋಪುಕಾಗ" ಎಂದು ಅಂಬುಜಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಅಡುಗೆಮನೆಗೆ ಹೋದರು. ಅಷ್ಟು ದಿನದ ಮೇಲೆ ಅವರು ಅಲ್ಲಿಗೆ ಕಾಲಿಟ್ಟದ್ದು. ಒಂದು ತಟ್ಟೆಯಲ್ಲಿ ಅಕ್ಕಿ, ಮೇಲೊಂದು ತೆಂಗಿನಕಾಯಿ, ಎರಡು ವೀಳ್ಯದೆಲೆ ಇಟ್ಟುಕೊಂಡು ಬಂದರು. ಮುಖ ಅತ್ತು ತೊಳೆದು ತಿಳಿಯಾಗಿತ್ತು. ನನ್ನನ್ನು ನೋಡಿ ನಕ್ಕರು ಕೂಡ.

ನಾನು ಎರಡೂ ಕೈ ಚಾಚಿದೆ.

ಅಂಬುಜಮ್ಮ ಮಗುವನ್ನು ಜೋಪಾನವಾಗಿ ಒಂದು ಕೈಯಲ್ಲಿ ಹಿಡಿದು, ಬಗ್ಗಿ, ತಟ್ಟೆಯನ್ನು ಹೊಸ್ತಿಲಿನ ಆಚೆ ನೆಲದ ಮೇಲೆ ಇಟ್ಟರು. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಅವಮಾನ ಮಾಡಬೇಕೆಂದು ಅವರು ಮಾಡಲಿಲ್ಲ. ನನ್ನ ಚಾಚಿದ ಕೈಗಳನ್ನು ಅವರು ನೋಡಲೇ ಇಲ್ಲ. ಮಡಿವಾಳನಿಗೆ ಕೊಡುವುದು ಹೀಗೆ ಎಂದು ಅವರ ಕೈಗೆ ಹುಟ್ಟಿನಿಂದ ಗೊತ್ತಿತ್ತು, ಕೈ ಅದನ್ನು ಮಾಡಿತು. ನಮಿತಾ ನೋಡಿದಳು. ಅವಳ ಮುಖ ಕೆಂಪಾಯಿತು. ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಡಲು ಮುಂದೆ ಬಂದಳು. ನಾನು ಕಣ್ಣಲ್ಲೇ ಬೇಡವೆಂದೆ.

ನೆಲದ ಮೇಲಿನ ಅಕ್ಕಿಯನ್ನು ಎತ್ತದೆ ಮಡಿವಾಳ ಹೊರಟುಹೋದರೆ ಅವನು ಕೊಟ್ಟ ಮಡಿ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಂಬುಜಮ್ಮನಿಗೂ ಅದು ಗೊತ್ತು, ನನಗೂ ಗೊತ್ತು. ನಾನು ಸುಮ್ಮನೆ ಮೆಟ್ಟಿಲಿಳಿದರೆ ಅವರು ಹೆದರಿ ಮಗುವನ್ನು ಕೆಳಗಿಳಿಸುತ್ತಾರೆ. ಮತ್ತೆ ಆ ಚಾಪೆ, ಮತ್ತೆ ಆ ಅಂಚು. ಮಗು ಅಜ್ಜಿಯ ಹೆಗಲಿಗೆ ಕೆನ್ನೆ ಒತ್ತಿಕೊಂಡು, ಬಾಯಲ್ಲಿ ಬೆರಳಿಟ್ಟು, ನನ್ನನ್ನು ನೋಡುತ್ತಿತ್ತು.

ಹಾಕಿದ ಚಪ್ಪಲಿ ಕಳಚಿದೆ. ಬಗ್ಗಿದೆ. ತಟ್ಟೆಯಲ್ಲಿದ್ದದ್ದನ್ನು ಹೆಗಲ ಮೇಲಿನ ಟವೆಲ್ಲಿಗೆ ಸುರಿದು ಗಂಟು ಕಟ್ಟಿಕೊಂಡೆ. ಅದಾದ ಮೇಲೆ ಹೇಳಬೇಕಾದ ಮಾತೊಂದಿದೆ. ಅದನ್ನು ಅಪ್ಪ ಅಂಗಳದ ತುದಿಯಿಂದ ತಲೆ ತಗ್ಗಿಸಿ ಹೇಳುತ್ತಿದ್ದರು. ನನ್ನ ಬಾಯಲ್ಲಿ ಬರಬಾರದು ಎಂದೇ ನಾನು ಊರು ಬಿಟ್ಟದ್ದು.

"ಮಡಿ ಆಯ್ತ್, ಒಡ್ತಿ" ಎಂದೆ.

ಅಂಬುಜಮ್ಮ ಹೂಂ ಎಂದು ಮಗುವಿನ ತಲೆ ನೇವರಿಸುತ್ತ ಒಳಗೆ ಹೋದರು.